ಊರು ಬಂದು ಕೂತ ಹೆದ್ದಾರಿ

2022ರ ಅಕ್ಟೋಬರ್ 2, ರಾತ್ರಿ ಒಂದು ಗಂಟೆ. ಪುಣೆಯ ಪಶ್ಚಿಮಕ್ಕಿರುವ ಚಾಂದನಿ ಚೌಕದಲ್ಲಿ ಹೆದ್ದಾರಿಗೆ ಅಡ್ಡಲಾಗಿ ನಿಂತಿದ್ದ ಹಳೆಯ ಸೇತುವೆಯ ಮೈತುಂಬ ತೂತು ಕೊರೆದು ಸುಮಾರು 600 ಕಿಲೊ ಸ್ಫೋಟಕ ತುಂಬಿದ್ದರು. ಒಂದು ತಿಂಗಳ ಹಿಂದಷ್ಟೇ ನೊಯ್ಡಾದ ಅವಳಿ ಗೋಪುರಗಳನ್ನು ಕೆಲವೇ ಸೆಕೆಂಡುಗಳಲ್ಲಿ ಮಣ್ಣುಪಾಲು ಮಾಡಿದ್ದ ತಂಡವೇ ಇಲ್ಲಿಗೂ ಬಂದಿತ್ತು. ಟಿ.ವಿ. ಕ್ಯಾಮೆರಾಗಳು ಸಜ್ಜಾಗಿದ್ದವು. ಗುಂಡಿ ಒತ್ತಿದರು, ಸದ್ದಾಯಿತು, ಧೂಳೆದ್ದಿತು. ಧೂಳು ಇಳಿದ ಮೇಲೆ ನೋಡಿದರೆ ಸೇತುವೆ ಪೂರ್ತಿ ಬಿದ್ದಿರಲಿಲ್ಲ. ಕಾಂಕ್ರೀಟು ಉದುರಿತ್ತು, ಒಳಗಿನ ಕಬ್ಬಿಣ ಮಾತ್ರ ಹಟ ಹಿಡಿದು ನಿಂತಿತ್ತು. ಅಂದಾಜಿಗಿಂತ ಹೆಚ್ಚು ಸರಳು ಹಾಕಿ ಕಟ್ಟಿದ್ದಾರೆ ಎಂಬ ವಿವರಣೆ ಬಂತು. ಉಳಿದದ್ದನ್ನು ಯಂತ್ರಗಳು ಬೆಳಗಿನವರೆಗೆ ಕುಟ್ಟಿ ಕೆಡವಿದವು. ಸರಕಾರಿ ಕಾಮಗಾರಿಯಲ್ಲಿ ಕಬ್ಬಿಣ ಜಾಸ್ತಿಯಾಯಿತು ಎಂಬ ದೂರು ನಮ್ಮ ದೇಶದಲ್ಲಿ ಬಹುಶಃ ಅದೇ ಮೊದಲು.

ಆ ಸೇತುವೆಯ ಅಪರಾಧವೇನೂ ದೊಡ್ಡದಲ್ಲ. ಕೋಥ್ರೂಡ್ ಕಡೆಯವರನ್ನು ಬಾವಧನ್, ಮುಳಶಿಗಳ ಕಡೆಗೆ ದಾಟಿಸಲು 1990ರ ದಶಕದಲ್ಲಿ ಕಟ್ಟಿದ್ದು ಅದು. ಕೆಳಗಿನ ರಸ್ತೆ ಅಗಲವಾಗುತ್ತ ಹೋಯಿತು, ಸೇತುವೆಯ ಕಾಲುಗಳು ಇದ್ದಲ್ಲೇ ಇದ್ದವು. ಹೀಗಾಗಿ ಎರಡೂ ಕಡೆ ಸಲೀಸಾಗಿ ಬಂದ ವಾಹನಗಳೆಲ್ಲ ಅಲ್ಲಿಗೆ ಬಂದು ಒತ್ತಿಕೊಳ್ಳುತ್ತಿದ್ದವು. 2022ರ ಆಗಸ್ಟಿನಲ್ಲಿ ಆಗಿನ ಮುಖ್ಯಮಂತ್ರಿ ಏಕನಾಥ ಶಿಂದೆ ಸಾತಾರಾ ಕಡೆಗೆ ಹೊರಟವರು ಇಲ್ಲೇ ಸಿಕ್ಕಿಹಾಕಿಕೊಂಡರು. ದಿನವೂ ಸಿಕ್ಕಿಹಾಕಿಕೊಳ್ಳುವವರು ಅವರೆದುರು ಅಳಲು ತೋಡಿಕೊಂಡರು. 2017ರಲ್ಲಿ ಶಂಕುಸ್ಥಾಪನೆಯಾಗಿ ಕುಂಟುತ್ತಿದ್ದ ಕೆಲಸಕ್ಕೆ ಅಲ್ಲಿಂದ ರೆಕ್ಕೆ ಬಂತು. 2023ರ ಆಗಸ್ಟ್ 12ರಂದು ಕೇಂದ್ರ ಹೆದ್ದಾರಿ ಸಚಿವ ನಿತಿನ್ ಗಡ್ಕರಿ ಹೊಸ ಚಾಂದನಿ ಚೌಕವನ್ನು ಉದ್ಘಾಟಿಸಿದರು. ಸೇತುವೆ, ರ‍್ಯಾಂಪು, ಸರ್ವೀಸ್ ರಸ್ತೆ ಎಲ್ಲ ಸೇರಿ ಸುಮಾರು 17 ಕಿ.ಮೀ., ಖರ್ಚು 865 ಕೋಟಿ ರೂಪಾಯಿ. ಮೊದಮೊದಲು ಯಾವ ರ‍್ಯಾಂಪು ಹತ್ತಿದರೆ ಎಲ್ಲಿ ಇಳಿಯುತ್ತೇವೆಂದು ತಿಳಿಯದೆ ಪುಣೇಕರರು ಸುತ್ತು ಹೊಡೆದರು. ಅದು ದೊಡ್ಡ ವಿಷಯವಲ್ಲ, ಅಭ್ಯಾಸವಾಯಿತು. ಇಷ್ಟೆಲ್ಲ ಕಟ್ಟಿದರೂ ಬಸ್ಸಿನಿಂದ ಇಳಿದವನು ಈ ಬದಿಯಿಂದ ಆ ಬದಿಗೆ ನಡೆದು ದಾಟಲು ದಾರಿಯೇ ಇರಲಿಲ್ಲವಲ್ಲ, ಅದು ದೊಡ್ಡ ವಿಷಯ. ಪಾದಚಾರಿ ಸೇತುವೆಯ ವಿಚಾರ ಹೊಳೆದದ್ದು ರಿಬ್ಬನ್ ಕತ್ತರಿಸಿದ ಮೇಲೆ.

ಚಾಂದನಿ ಚೌಕ ಮುಖ್ಯಮಂತ್ರಿ ಸಿಕ್ಕಿಬಿದ್ದ ಜಾಗ. ಅಲ್ಲಿಂದ ದಕ್ಷಿಣಕ್ಕೆ ಇದೇ ರಸ್ತೆಯಲ್ಲಿ ಹತ್ತು ಕಿಲೋಮೀಟರಿನಷ್ಟು ಹೋದರೆ ನವಲೆ ಪೂಲ್, ಅಂದರೆ ನವಲೆ ಸೇತುವೆ. ಅದು ಜನ ಸಾಯುವ ಜಾಗ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಈ ಎರಡನೆಯದರ ಬಗ್ಗೆ. ಆದರೆ ಅಲ್ಲಿಗೆ ತಲುಪಲು ರಸ್ತೆಯ ಪೂರ್ವಾಪರ ಸ್ವಲ್ಪ ತಿಳಿದಿರಬೇಕು.

ನಮ್ಮದೂ ಆದ ರಸ್ತೆ

ಕನ್ನಡಿಗರಿಗೆ ಇದು ಪರಊರಿನ ರಸ್ತೆಯಲ್ಲ. ಚಿತ್ರದುರ್ಗ, ದಾವಣಗೆರೆ, ಹಾವೇರಿ, ಹುಬ್ಬಳ್ಳಿ, ಬೆಳಗಾವಿ, ನಿಪ್ಪಾಣಿ ಹಾದು ಬರುವ ನಮ್ಮ ಹಳೆಯ ರಾಷ್ಟ್ರೀಯ ಹೆದ್ದಾರಿ 4, ಈಗಿನ 48, ಕೊಲ್ಹಾಪುರ, ಸಾತಾರಾ ದಾಟಿ ಕಾತ್ರಜ್ ಸುರಂಗದಿಂದ ಹೊರಬಿದ್ದರೆ ಪುಣೆ. ಬೆಂಗಳೂರಿನಲ್ಲಿ ಸಂಜೆ ಹತ್ತಿದ ಸ್ಲೀಪರ್ ಬಸ್ಸು ಬೆಳಿಗ್ಗೆ ಇಲ್ಲಿಗೆ ಬರುವಾಗ ಕಂಡಕ್ಟರನ ಕೂಗು ಶುರುವಾಗುತ್ತದೆ: ಕಾತ್ರಜ್, ನವಲೆ ಪೂಲ್, ವಾರ್ಜೆ, ಚಾಂದನಿ ಚೌಕ, ಬಾಣೇರ್, ವಾಕಡ್. ಇವು ಯಾವುವೂ ಬಸ್ ನಿಲ್ದಾಣಗಳಲ್ಲ. ಹೆದ್ದಾರಿಯ ಅಂಚಿನಲ್ಲಿ ಬಸ್ಸು ಎಡಕ್ಕೆ ವಾಲುತ್ತದೆ, ಬಾಗಿಲು ತೆರೆಯುತ್ತದೆ, ಅರೆನಿದ್ದೆಯಲ್ಲಿ ಬ್ಯಾಗು ಹುಡುಕಿ ಇಳಿದವನು ಕಣ್ಣು ಬಿಟ್ಟರೆ ಮೊಳ ದೂರದಲ್ಲಿ ಹದಿನಾರು ಗಾಲಿಯ ಟ್ರೇಲರ್ ಹಾದುಹೋಗುತ್ತಿರುತ್ತದೆ. ರಿಕ್ಷಾದವರು ಅಲ್ಲೇ ಸುತ್ತುವರಿಯುತ್ತಾರೆ. ತಳ್ಳುಗಾಡಿಯಲ್ಲಿ ಪೋಹೆ, ಚಹಾ. ಹಿಂಜವಡಿಯ ಕಂಪನಿಗಳಿಗೆ ಹೋಗುವ ನಮ್ಮ ಹುಡುಗರು ವಾರಾಂತ್ಯಕ್ಕೆ ಊರಿಗೆ ಹೊರಡುವುದೂ ಇದೇ ಅಂಚಿನಿಂದ. ವಾಕಡ್ ಸೇತುವೆಯ ಕೆಳಗೆ ಶುಕ್ರವಾರ ರಾತ್ರಿ ನಿಂತರೆ ಹುಬ್ಬಳ್ಳಿ, ಮಂಗಳೂರು, ಮೈಸೂರು ಕನ್ನಡಗಳೆಲ್ಲ ಒಂದೇ ಕಡೆ ಕಿವಿಗೆ ಬೀಳುತ್ತವೆ.

ಈ ರಸ್ತೆಯ ಬದಿಯ ಗೋಪುರಗಳನ್ನು ಕಟ್ಟಿದ ಕೈಗಳಲ್ಲೂ ಕನ್ನಡದವರು ಬೇಕಾದಷ್ಟಿದ್ದಾರೆ. ಕಲಬುರಗಿ, ಯಾದಗಿರಿ, ವಿಜಯಪುರದ ಹಳ್ಳಿ, ತಾಂಡಾಗಳಿಂದ ಗುಳೆ ಬಂದವರು ತಗಡಿನ ಶೆಡ್ಡುಗಳಲ್ಲಿದ್ದುಕೊಂಡು ಹನ್ನೆರಡನೇ, ಇಪ್ಪತ್ತನೇ ಮಹಡಿಗೆ ಇಟ್ಟಿಗೆ ಹೊತ್ತಿದ್ದಾರೆ. ಇನ್ನೊಂದು ತುದಿಯಲ್ಲಿ, ಬಾಣೇರಿನಲ್ಲಿ ಪುಣೆ ಬಂಟರ ಸಂಘದ ಭವ್ಯ ಸಾಂಸ್ಕೃತಿಕ ಭವನವಿದೆ. ಹೋಟೆಲ್ ಉದ್ಯಮದಲ್ಲಿ ಗಟ್ಟಿಯಾದ ಕರಾವಳಿಯವರು ನಗರದ ಹಳೆಯ ಪೇಟೆಗಳನ್ನು ಬಿಟ್ಟು ಇತ್ತ ಬಂದು ಸಭಾಭವನ ಕಟ್ಟಿದರು ಎಂಬುದೇ ಪುಣೆಯ ತೂಕ ಯಾವ ಕಡೆಗೆ ವಾಲಿದೆ ಎಂದು ತಿಳಿಯಲು ಸಾಕು.

ಒಂದು ಕಾಲಕ್ಕೆ ಇಲ್ಲಿ ಏನೂ ಇರಲಿಲ್ಲ. ಮುಂಬೈಯಿಂದ ಬೆಂಗಳೂರಿಗೆ ಹೊರಟ ಲಾರಿ ಪಿಂಪ್ರಿ-ಚಿಂಚವಾಡ, ಖಡಕಿ, ಶಿವಾಜಿನಗರ, ಸ್ವಾರ್‌ಗೇಟ್ ಎಂದು ಊರ ನಡುವೆಯೇ ತೂರಿ, ಕಾತ್ರಜ್ ಘಾಟಿನ ಬ್ರಿಟಿಷರ ಕಾಲದ ಇಕ್ಕಟ್ಟು ಸುರಂಗ ಹೊಕ್ಕು ಹೊರಬೀಳಬೇಕಿತ್ತು. ಈ ಕಾಟ ತಪ್ಪಿಸಲು ದೇಹುರೋಡಿನಿಂದ ಕಾತ್ರಜ್‌ವರೆಗೆ, ನಗರದ ಪಶ್ಚಿಮದ ಗುಡ್ಡಗಳ ಬೆನ್ನಿಗೆ, ಸುಮಾರು 40 ಕಿ.ಮೀ.ಗಳ ಬೈಪಾಸ್ ಎಳೆದರು. ಇಂಜಿನಿಯರರ ಆಯ್ಕೆ ಸರಿಯಾಗಿಯೇ ಇತ್ತು. ಆಗ ಬಾಣೇರ್, ಬಾಲೇವಾಡಿ, ಬಾವಧನ್, ವಾರ್ಜೆ ಎಲ್ಲ ಜೋಳದ ಹೊಲಗಳ ಹಳ್ಳಿಗಳು. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಬಾಲೇವಾಡಿಯಲ್ಲಿ ಕ್ರೀಡಾನಗರಿ ಕಟ್ಟಿದಾಗ ಅಷ್ಟು ದೂರ ಯಾರು ಹೋಗುತ್ತಾರೆ ಎಂದವರಿದ್ದರು. ವಾಜಪೇಯಿ ಕಾಲದ ಸುವರ್ಣ ಚತುಷ್ಪಥ ಯೋಜನೆಯಲ್ಲಿ ಬೈಪಾಸ್ ನಾಲ್ಕು ಪಥವಾಯಿತು. ಹಳೆಯ ಘಾಟಿಯ ಬದಲು ಕಾತ್ರಜ್ ಗುಡ್ಡದಲ್ಲಿ ಕಿಲೋಮೀಟರಿಗೂ ಮಿಕ್ಕಿದ ಜೋಡಿ ಸುರಂಗ ಬಂತು. 2002ರಲ್ಲಿ ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ಪೂರ್ಣಗೊಂಡಿತು.

ಎಕ್ಸ್‌ಪ್ರೆಸ್‌ವೇ ಬಗ್ಗೆ ಒಂದು ಮಾತು ಹೇಳಿಬಿಡಬೇಕು, ಏಕೆಂದರೆ ಪುಣೆಯ ತೊಂದರೆಯ ಒಂದು ತುದಿ ಅಲ್ಲಿದೆ. 94.5 ಕಿ.ಮೀ. ಉದ್ದದ, ದೇಶದ ಮೊದಲ ಆರು ಪಥದ ಎಕ್ಸ್‌ಪ್ರೆಸ್‌ವೇ ಅದು. ಇಕ್ಕೆಲಗಳಲ್ಲಿ ಬೇಲಿ. ಬೈಕು, ರಿಕ್ಷಾ, ಟ್ರ್ಯಾಕ್ಟರು, ನಡೆದು ಹೋಗುವವರು ಯಾರಿಗೂ ಪ್ರವೇಶವಿಲ್ಲ. ಗೊತ್ತಾದ ಕಡೆ ಮಾತ್ರ ಹತ್ತಬೇಕು, ಗೊತ್ತಾದ ಕಡೆ ಮಾತ್ರ ಇಳಿಯಬೇಕು. ಅದು ಕಿವಳೆಯಲ್ಲಿ ಮುಗಿದು ನೇರ ಬೈಪಾಸಿಗೆ ಕೂಡುತ್ತದೆ. ಗಂಟೆಗೆ ನೂರರಲ್ಲಿ ಓಡಿಸಿಕೊಂಡು ಬಂದವನಿಗೆ ಅಗಲ ಹೆಚ್ಚುಕಡಿಮೆ ಅದೇ, ಬಿಳಿ ಗೆರೆಯೂ ಅದೇ. ಬದಲಾದದ್ದು ಬೇಲಿ ಇಲ್ಲದಿರುವುದು. ಎರಡು ನಿಮಿಷದ ಹಿಂದೆ ಇಲ್ಲದಿದ್ದ ಸ್ಕೂಟರ್ ಈಗ ಎಡಗಡೆ ಇದೆ, ಅದರ ಹಿಂದಿನ ಸೀಟಿನಲ್ಲಿ ಶಾಲೆಯ ಚೀಲ ಹೊತ್ತ ಮಗು ಇದೆ.

ಗುಂಠೆ ಲೆಕ್ಕದ ನೆಲ

ರಸ್ತೆ ಬಂದ ಮೇಲೆ ಊರು ಬರುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಹಿಂಜವಡಿಯಲ್ಲಿ ಕೈಗಾರಿಕಾ ಮಂಡಳಿಯ ರಾಜೀವ್ ಗಾಂಧಿ ಐ.ಟಿ. ಪಾರ್ಕ್ ಎದ್ದಿತು. ಅಲ್ಲಿಗೆ ಹೋಗುವವರಿಗೆ ವಾಕಡ್, ಬಾಲೇವಾಡಿ ಹತ್ತಿರ. ದಕ್ಷಿಣದ ತುದಿಯಲ್ಲಿ, ವಡಗಾಂವ್, ನರ್ಹೆ, ಆಂಬೇಗಾಂವ್ ಸುತ್ತ ಇಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳು, ಅವುಗಳ ಬೆನ್ನಿಗೆ ಹಾಸ್ಟೆಲು, ಪೇಯಿಂಗ್ ಗೆಸ್ಟು, ಮೆಸ್ಸು. ಜೋಳ ಬೆಳೆಯುತ್ತಿದ್ದ ನೆಲ ಗುಂಠೆ ಲೆಕ್ಕದಲ್ಲಿ ಮಾರಾಟವಾಯಿತು. ಒಮ್ಮೆಲೇ ಕೈಗೆ ಕೋಟಿ ಬಂದು, ಕೊರಳಿಗೆ ಹಗ್ಗದಂಥ ಚಿನ್ನದ ಸರ ಹಾಕಿ, ಬಿಳಿ ಎಸ್‌ಯುವಿಯಲ್ಲಿ ಓಡಾಡುವವರನ್ನು ಪುಣೆಯ ಜನ ‘ಗುಂಠಾಮಂತ್ರಿ’ ಎಂದು ಆಡಿಕೊಂಡರು. ಆಡಿಕೊಳ್ಳುವುದು ಸುಲಭ. ದುಡ್ಡು ಕರಗಿದ ಮೇಲೆ ಅದೇ ಮನೆಯ ಹುಡುಗರು ತಮ್ಮ ಹೊಲದ ಮೇಲೆದ್ದ ಕಟ್ಟಡಕ್ಕೆ ವಾಚ್‌ಮನ್ ಆದದ್ದೂ ಉಂಟು. ದಾರಿ ತಪ್ಪಿ ಗೂಂಡಾಗಿರಿಗೆ ಇಳಿದದ್ದೂ ಉಂಟು. ಪ್ರವೀಣ ತರಡೆ 2018ರಲ್ಲಿ ‘ಮುಳಶಿ ಪ್ಯಾಟರ್ನ್’ ಎಂಬ ಮರಾಠಿ ಸಿನಿಮಾ ಮಾಡಿದ್ದು ಈ ಕಥೆಯನ್ನೇ. ಅದಕ್ಕೂ ಸುಮಾರು ನೂರು ವರ್ಷ ಹಿಂದೆ, 1921ರಲ್ಲಿ, ಇದೇ ಮುಳಶಿಯ ರೈತರು ಸೇನಾಪತಿ ಬಾಪಟರ ಮುಂದಾಳ್ತನದಲ್ಲಿ ಟಾಟಾ ಅಣೆಕಟ್ಟಿನ ವಿರುದ್ಧ ಸತ್ಯಾಗ್ರಹಕ್ಕೆ ಕೂತಿದ್ದರು. ಆಗ ನೆಲ ಹೋದದ್ದು ಮುಂಬೈಗೆ ವಿದ್ಯುತ್ ಕೊಡಲು. ಈಗ ಹೋದದ್ದು ಪುಣೆಗೆ ಮನೆ ಕೊಡಲು.

ಗುಡ್ಡಗಳೂ ಉಳಿಯಲಿಲ್ಲ. 2013ರ ಜೂನ್‌ನಲ್ಲಿ ಕಾತ್ರಜ್ ಸುರಂಗದ ಬಳಿಯ ಶಿಂದೇವಾಡಿಯಲ್ಲಿ ಮಳೆ ಬಂದಾಗ ಗುಡ್ಡದ ನೀರೆಲ್ಲ ಹೆದ್ದಾರಿಗೆ ನುಗ್ಗಿ ಒಬ್ಬ ತಾಯಿಯನ್ನೂ ಪುಟ್ಟ ಮಗಳನ್ನೂ ಕೊಚ್ಚಿಕೊಂಡು ಹೋಯಿತು. ಅನುಮತಿ ಇಲ್ಲದೆ ಗುಡ್ಡ ಅಗೆದು ಸಮ ಮಾಡಿದ್ದರಿಂದ ಹಳ್ಳದ ದಾರಿಯೇ ಮುಚ್ಚಿಹೋಗಿತ್ತು. ಅಗೆದದ್ದು ಯಾಕೆ? ಹೆದ್ದಾರಿಯ ಪಕ್ಕದ ಸಮತಟ್ಟು ಜಾಗಕ್ಕೆ ಚಿನ್ನದ ಬೆಲೆ.

ಆಡಳಿತ ಎಂದಿನಂತೆ ಹಿಂದಿನಿಂದ ಓಡೋಡಿ ಬಂತು. 1997ರಲ್ಲಿ ಒಂದಷ್ಟು ಹಳ್ಳಿಗಳು ಪುಣೆ ಪಾಲಿಕೆಗೆ ಸೇರಿದವು, 2017ರಲ್ಲಿ ಇನ್ನೂ 11, 2021ರಲ್ಲಿ ಮತ್ತೆ 23. ವಿಸ್ತೀರ್ಣದಲ್ಲಿ ಮುಂಬೈಯನ್ನೂ ಹಿಂದೆ ಹಾಕಿ ಪುಣೆ ಮಹಾರಾಷ್ಟ್ರದ ಅತಿ ದೊಡ್ಡ ಮಹಾನಗರ ಪಾಲಿಕೆಯಾಯಿತು. ನರ್ಹೆ, ಸೂಸ್, ಮಹಾಳುಂಗೆಯಂಥ ಊರುಗಳು ಪಾಲಿಕೆಗೆ ಬರುವ ಹೊತ್ತಿಗೆ ಅಲ್ಲಿ ಬಹುಮಹಡಿ ಕಟ್ಟಡಗಳು ಎದ್ದಾಗಿತ್ತು, ಒಳರಸ್ತೆಗಳು ಗ್ರಾಮ ಪಂಚಾಯಿತಿ ಕಾಲದವು.

ಆ ಅಸಮತೋಲ ಕಣ್ಣಿಗೆ ಹೊಡೆಯುವುದು ಬೈಪಾಸಿನ ಉತ್ತರ ಭಾಗದ ಅಂಡರ್‌ಪಾಸುಗಳಲ್ಲಿ. ಪುನಾವಳೆ, ತಾಥವಡೆ, ವಾಕಡ್ ಬಳಿಯ ಭೂಮಕರ ಚೌಕ. ರಸ್ತೆಯನ್ನು ದಿಣ್ಣೆಯ ಮೇಲೆ ಎಳೆದಾಗ, ಆಚೆ ಹೊಲವಿದ್ದವರು ಎತ್ತಿನ ಗಾಡಿ, ಟ್ರ್ಯಾಕ್ಟರು ಒಯ್ಯಲಿ ಎಂದು ಬಿಟ್ಟ ಕಿಂಡಿಗಳಂಥವು ಅವು. ಈಗ ಅವುಗಳೊಳಗೆ ಐ.ಟಿ. ಕಂಪನಿಗಳ ಬಸ್ಸು, ನೀರಿನ ಟ್ಯಾಂಕರು, ಸಿಮೆಂಟ್ ಮಿಕ್ಸರು, ಶಾಲಾ ವ್ಯಾನು, ಲೆಕ್ಕವಿಲ್ಲದಷ್ಟು ದ್ವಿಚಕ್ರಿಗಳು ಎರಡೂ ದಿಕ್ಕಿನಿಂದ ನುಗ್ಗುತ್ತವೆ. ಒಂದು ಟ್ಯಾಂಕರು ಒಳಗೆ ಬಂದರೆ ಎದುರಿನ ಕಾರು ಹಿಂದೆ ಸರಿಯಬೇಕು, ಅದರ ಹಿಂದೆ ಇಪ್ಪತ್ತು ಸ್ಕೂಟರು ನಿಂತಿವೆ. ಹಾರ್ನು ಕಾಂಕ್ರೀಟಿಗೆ ಬಡಿದು ಮರಳಿ ಕಿವಿಗೆ ಬಡಿಯುತ್ತದೆ. ಮಳೆಗಾಲದಲ್ಲಿ ಮೊಣಕಾಲುದ್ದ ನೀರು. ತಲೆಯ ಮೇಲೆ ಚೆನ್ನೈಗೋ ಮುಂಬೈಗೋ ಹೊರಟ ಲಾರಿ ಸಲೀಸಾಗಿ ಹಾದುಹೋಗುತ್ತಿರುತ್ತದೆ, ಅದರ ಕೆಳಗೆ ಊರು ಸಿಕ್ಕಿಕೊಂಡಿರುತ್ತದೆ.

ನಡುವೆ ಒಂದು ಒಳ್ಳೆಯದೂ ಆಯಿತು, ಅದನ್ನು ಹೇಳದಿದ್ದರೆ ತಪ್ಪಾದೀತು. ಲಾರಿಗಳ ಕಾಟ ತಪ್ಪಿದ ಹಳೆಯ ಸಾತಾರಾ ರಸ್ತೆಯಲ್ಲಿ, ಕಾತ್ರಜ್-ಸ್ವಾರ್‌ಗೇಟ್-ಹಡಪ್ಸರ್ ನಡುವೆ, 2006ರ ಡಿಸೆಂಬರಿನಲ್ಲಿ ದೇಶದ ಮೊದಲ ಬಿ.ಆರ್.ಟಿ. ಬಸ್ ಮಾರ್ಗ ಶುರುವಾಯಿತು. ಬೈಪಾಸ್ ಬಿಟ್ಟುಕೊಟ್ಟ ಜಾಗವನ್ನು ಬಸ್ಸಿಗೆ ಕೊಡುವುದು ಬಹಳ ಸರಿಯಾದ ವಿಚಾರ. ಅದನ್ನು ಅರೆಮನಸ್ಸಿನಿಂದ ಮಾಡಿ, ಅರೆಮನಸ್ಸಿನಿಂದಲೇ ಕೆಡಿಸಿದರು. ಆ ಕಥೆ ಇನ್ನೊಮ್ಮೆ.

ಇಳಿಜಾರಿನ ತಳ

ಕಾತ್ರಜ್ ಸುರಂಗದಿಂದ ಹೊರಬಿದ್ದ ರಸ್ತೆ ಸ್ವಾಮಿನಾರಾಯಣ ಮಂದಿರ ದಾಟಿ ನವಲೆ ಪೂಲಿನವರೆಗೆ ಇಳಿಯುತ್ತಲೇ ಹೋಗುತ್ತದೆ. ಕಾರಿನಲ್ಲಿ ಕೂತವರಿಗೆ ಅದು ಅಷ್ಟಾಗಿ ತಿಳಿಯುವುದಿಲ್ಲ. ಮೂವತ್ತು ನಲವತ್ತು ಟನ್ ಹೊತ್ತ ಲಾರಿಗೆ ಚೆನ್ನಾಗಿ ತಿಳಿಯುತ್ತದೆ.

ಲಾರಿಯವರ ಲೆಕ್ಕ ಸರಳ: ಇಳಿಜಾರಿನಾಗ ಗಾಡಿ ತಾನ ಓಡತೈತಿ, ಡೀಸೆಲ್ ಯಾಕ ಸುಡಬೇಕು? ಗೇರು ನ್ಯೂಟ್ರಲ್‌ಗೆ ಹಾಕುತ್ತಾರೆ, ಕೆಲವರು ಇಂಜಿನ್ನನ್ನೇ ಬಂದ್ ಮಾಡುತ್ತಾರೆ. ಕಡಿಮೆ ಗೇರಿನಲ್ಲಿ ಇಳಿದರೆ ಇಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ. ನ್ಯೂಟ್ರಲ್‌ನಲ್ಲಿ ಆ ಹಿಡಿತ ಹೋಯಿತು, ಇಡೀ ಭಾರ ಬ್ರೇಕಿನ ಮೇಲೆ. ಮತ್ತೆ ಮತ್ತೆ ತುಳಿದರೆ ಡ್ರಮ್ಮು ಕಾಯುತ್ತದೆ, ಕಾದ ಡ್ರಮ್ಮಿಗೆ ಲೈನರು ಕಚ್ಚುವುದಿಲ್ಲ. ಭಾರಿ ಲಾರಿಯ ಬ್ರೇಕು ಗಾಳಿಯ ಒತ್ತಡದಿಂದ ನಡೆಯುವಂಥದ್ದು. ಆ ಗಾಳಿ ತುಂಬುವ ಕಂಪ್ರೆಸರ್ ಇಂಜಿನ್ನಿನಿಂದ ತಿರುಗುತ್ತದೆ. ಇಂಜಿನ್ ಬಂದಾದರೆ ಪ್ರತಿ ತುಳಿತಕ್ಕೂ ಗಾಳಿ ಕರಗುತ್ತ ಹೋಗುತ್ತದೆ. ಕೊನೆಗೊಮ್ಮೆ ಕಾಲು ನೆಲ ಮುಟ್ಟುವಂತೆ ತುಳಿದರೂ ಏನೂ ಆಗುವುದಿಲ್ಲ.

2022ರ ನವೆಂಬರ್ 20ರ ರಾತ್ರಿ ಇಂಥದೊಂದು ಲಾರಿ ಇಳಿದು ಬಂದು ನವಲೆ ಪೂಲಿನ ಬಳಿ ಜಜ್ಜಿದ ವಾಹನಗಳ ಸಾಲು ನೋಡಿ ದೇಶವೇ ದಂಗಾಯಿತು. 48 ವಾಹನಗಳು ಜಖಂಗೊಂಡವು ಎಂದು ಅಗ್ನಿಶಾಮಕ ದಳ ಮೊದಲ ಲೆಕ್ಕ ಕೊಟ್ಟಿತು. ಅದಾದ ಮೇಲೆ ಅಧಿಕಾರಿಗಳು ಬಂದರು, ಫಲಕ ನೆಟ್ಟರು, ರಸ್ತೆಗೆ ಅಡ್ಡ ಗುಡುಗುಡು ಪಟ್ಟಿ ಬಳಿದರು, ಖೇಡ್ ಶಿವಾಪುರ ಟೋಲಿನಲ್ಲಿ ಲಾರಿಯವರಿಗೆ ತಿಳಿಹೇಳಲು ಶುರುಮಾಡಿದರು, ವೇಗಮಿತಿ ಇಳಿಸಿದರು. ಇದರಿಂದ ಏನೂ ಆಗಲಿಲ್ಲ ಎನ್ನಲಾರೆ. ಆದರೆ 2025ರ ನವೆಂಬರ್ 13ರ ಸಂಜೆ ಮತ್ತೊಂದು ಲಾರಿ ಅದೇ ಇಳಿಜಾರಿನಲ್ಲಿ ಹತೋಟಿ ತಪ್ಪಿತು. ಅದು ಒಂದಾದ ಮೇಲೊಂದು ವಾಹನಗಳಿಗೆ ಗುದ್ದಿತು, ಎರಡು ಭಾರಿ ವಾಹನಗಳ ನಡುವೆ ಒಂದು ಕಾರು ಅಪ್ಪಚ್ಚಿಯಾಯಿತು, ಬೆಂಕಿ ಹತ್ತಿತು. ಎಂಟು ಮಂದಿ ಸತ್ತರು.

ಪ್ರತಿ ಸಲವೂ ಚಾಲಕನ ತಪ್ಪು ಎಂದು ಬರೆದು ಕಡತ ಮುಚ್ಚಬಹುದು. ಚಾಲಕನದು ತಪ್ಪೂ ಹೌದು. ಆದರೆ ನ್ಯೂಟ್ರಲ್ ಹಾಕುವ ಚಾಲಕ ನಿಪ್ಪಾಣಿಯ ತವಂದಿ ಘಾಟಿನಲ್ಲೂ ಇದ್ದಾನೆ, ಸಾತಾರಾದ ಖಂಬಾಟಕಿಯಲ್ಲೂ ಇದ್ದಾನೆ. ಕಾತ್ರಜ್ ಇಳಿಜಾರೂ ಮೊದಲಿನಿಂದ ಇತ್ತು. ಅದರ ತಳದಲ್ಲಿ ಊರು ಇರಲಿಲ್ಲ, ಅಷ್ಟೇ. ಹತೋಟಿ ತಪ್ಪಿದ ಲಾರಿ ಬಯಲಿನಲ್ಲಿ ಓಡಿ ನಿಲ್ಲುತ್ತಿತ್ತು. ಈಗ ಅದು ಇಳಿಯುವ ಜಾಗದಲ್ಲಿ ಬಸ್ಸಿಗೆ ಕಾಯುವವರಿದ್ದಾರೆ, ರಿಕ್ಷಾ ಸಾಲಿದೆ, ಸಿಂಹಗಡ ರಸ್ತೆಯಿಂದ ಹತ್ತಿಬಂದ ಸ್ಕೂಟರುಗಳಿವೆ, ಸಂಜೆಯಾದರೆ ನಿಂತೇ ಇರುವ ಕಾರುಗಳ ಉದ್ದನೆಯ ಬಾಲವಿದೆ. ಇಂಥ ಇಳಿಜಾರುಗಳಲ್ಲಿ ಬ್ರೇಕು ಹೋದ ಲಾರಿ ಪಕ್ಕಕ್ಕೆ ಹತ್ತಿ ನಿಲ್ಲಲೆಂದು ಮರಳು-ಜಲ್ಲಿ ಹಾಸಿದ ಏರುದಾರಿ ಮಾಡುವ ಪದ್ಧತಿಯಿದೆ. ಇಲ್ಲಿ ಪಕ್ಕಕ್ಕೆ ಎಲ್ಲಿ ಹತ್ತಿಸುತ್ತೀರಿ? ಪಕ್ಕ ಪೂರ್ತಿ ಮಾರಿಹೋಗಿದೆ.

ಆ ಸ್ಕೂಟರುಗಳು ಹೆದ್ದಾರಿಗೆ ಯಾಕೆ ಬಂದವು ಎಂದು ಕೇಳಿದರೆ ನಿಜವಾದ ಗಂಟು ಕೈಗೆ ಸಿಗುತ್ತದೆ. ನರ್ಹೆಯಿಂದ ವಾರ್ಜೆಗೆ ಹೋಗುವವನಿಗೆ ಬೇರೆ ದಾರಿಯಿಲ್ಲ. ಬೈಪಾಸಿನ ಎರಡೂ ಬದಿ ಉದ್ದಕ್ಕೂ ಸರ್ವೀಸ್ ರಸ್ತೆ ಇರಬೇಕು. ನಕ್ಷೆಯಲ್ಲಿ ಇದೆ. ನೆಲದ ಮೇಲೆ ಅದು ಒಂದು ಕಡೆ ಶುರುವಾಗಿ, ಯಾರದೋ ಕಾಂಪೌಂಡಿಗೆ ಮುಗಿದು, ಹಳ್ಳದ ಬಳಿ ಕಾಣೆಯಾಗಿ, ಮತ್ತೆಲ್ಲೋ ಏಳುತ್ತದೆ. ಅದು ಕಾಣೆಯಾದಲ್ಲೆಲ್ಲ ಸ್ಕೂಟರ್ ಹೆದ್ದಾರಿಗೆ ಏರಲೇಬೇಕು, ಇಲ್ಲವೇ ಉಲ್ಟಾ ದಿಕ್ಕಿನಲ್ಲಿ ಬರಬೇಕು.

ಅದನ್ನು ಪೂರ್ತಿ ಮಾಡುವವರು ಯಾರು? ನಡುವಿನ ಹೆದ್ದಾರಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು. ಪಕ್ಕದ ಜಾಗ ಸ್ವಾಧೀನ ಮಾಡಿಕೊಡಬೇಕಾದ್ದು ಪಾಲಿಕೆ. ಪಾಲಿಕೆ ಎಂದರೆ ಒಂದಲ್ಲ, ದಕ್ಷಿಣಕ್ಕೆ ಪುಣೆ, ಉತ್ತರಕ್ಕೆ ಪಿಂಪ್ರಿ-ಚಿಂಚವಾಡ. ಪಾಲಿಕೆಯ ಗೆರೆ ದಾಟಿದರೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ. ಹಿಂಜವಡಿಯ ಒಳರಸ್ತೆ ಕೈಗಾರಿಕಾ ಮಂಡಳಿಯದು. ಎಕ್ಸ್‌ಪ್ರೆಸ್‌ವೇ ರಾಜ್ಯ ರಸ್ತೆ ಅಭಿವೃದ್ಧಿ ನಿಗಮದ್ದು. 2018ರಿಂದ ಪೊಲೀಸ್ ಕಮಿಷನರೇಟೂ ಎರಡು. ಪ್ರತಿಯೊಬ್ಬರ ಬಳಿಯೂ ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬ ಉತ್ತರ ಸಿದ್ಧವಿದೆ, ಮತ್ತು ಕಾಗದದ ಮೇಲೆ ಆ ಉತ್ತರ ಸರಿಯಾಗಿಯೇ ಇರುತ್ತದೆ. ಹೆದ್ದಾರಿಯ ಭೂಮಿ ಮತ್ತು ಸಂಚಾರವನ್ನು ನಿಯಂತ್ರಿಸಲೆಂದೇ ಸಂಸತ್ತು 2002ರಲ್ಲಿ ಕಾಯ್ದೆ ಮಾಡಿದೆ. ಅನುಮತಿಯಿಲ್ಲದೆ ಹೆದ್ದಾರಿಗೆ ದಾರಿ ತೆರೆಯುವಂತಿಲ್ಲ. ಬೈಪಾಸಿಗೆ ಬಾಗಿಲು ತೆರೆದ ಹೋಟೆಲು, ಪೆಟ್ರೋಲ್ ಬಂಕು, ಟೈಲ್ಸ್ ಅಂಗಡಿ, ಮಂಗಲ ಕಾರ್ಯಾಲಯಗಳನ್ನು ನೋಡುತ್ತ ಹೋದರೆ ಆ ಕಾಯ್ದೆಯನ್ನು ಓದಿದವರು ಎಷ್ಟು ಜನ ಎಂಬ ಅನುಮಾನ ಬರುತ್ತದೆ.

ಜಾಮ್ ಬೇರೆ, ಸಾವು ಬೇರೆ

ರಸ್ತೆ ಅಗಲ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಪುಣೆಗೆ ಮಾತ್ರ ಸೇರಿದ್ದಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1962ರಲ್ಲೇ ಇದರ ಗಾಳಿ ತೆಗೆದಿದ್ದ. ನಗರದ ಎಕ್ಸ್‌ಪ್ರೆಸ್ ರಸ್ತೆ ಎಷ್ಟೇ ದೊಡ್ಡದಿರಲಿ, ದಟ್ಟಣೆಯ ಹೊತ್ತಿನಲ್ಲಿ ಅದು ತುಂಬುವವರೆಗೆ ವಾಹನಗಳು ಬರುತ್ತಲೇ ಇರುತ್ತವೆ ಎಂಬುದು ಅವನ ವಾದ. ಲಂಡನ್ನಿನ ಸುತ್ತಿನ ಎಂ-25 ಹೆದ್ದಾರಿ 1986ರಲ್ಲಿ ಪೂರ್ಣಗೊಂಡು ಕೆಲವೇ ವರ್ಷಗಳಲ್ಲಿ ಬ್ರಿಟಿಷರ ಚಾಟಿ ಮಾತಿಗೆ ವಸ್ತುವಾಯಿತು. ಟೆಕ್ಸಾಸಿನ ಹ್ಯೂಸ್ಟನ್ನಿನಲ್ಲಿ ಕೇಟಿ ಫ್ರೀವೇಯನ್ನು 2008ರ ಹೊತ್ತಿಗೆ ಕೆಲವೆಡೆ 26 ಪಥಗಳಷ್ಟು ಹಿಗ್ಗಿಸಿದರು. ಒಂದಷ್ಟು ವರ್ಷ ಆರಾಮ, ಆಮೇಲೆ ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯತೊಡಗಿತು.

ಆದರೆ ಟೆಕ್ಸಾಸಿನವರ ಇನ್ನೊಂದು ಅಭ್ಯಾಸ ನಮಗೆ ಬೇಕಾದದ್ದು. ಅಲ್ಲಿ ಫ್ರೀವೇಯ ಇಕ್ಕೆಲದ ಸರ್ವೀಸ್ ರಸ್ತೆಯನ್ನು ಫ್ರೀವೇ ಕಟ್ಟುವ ರಾಜ್ಯ ಸಾರಿಗೆ ಇಲಾಖೆಯೇ ಕಟ್ಟುತ್ತದೆ. ಒಡೆಯ ಒಬ್ಬನೇ. ಅದರಿಂದ ಜಾಮ್ ತಪ್ಪಿಲ್ಲ, ನಿಜ. ಜಾಮ್ ತಪ್ಪಿಸುತ್ತೇವೆ ಎನ್ನುವವರ ಮಾತು ನಾನೂ ನಂಬುವುದಿಲ್ಲ, ಚಾಂದನಿ ಚೌಕದ 865 ಕೋಟಿ ದಟ್ಟಣೆಯನ್ನು ಅಲ್ಲಿಂದ ಎತ್ತಿ ಮುಂದಿನ ಇಕ್ಕಟ್ಟಿನಲ್ಲಿ ಇಟ್ಟಿದೆ. ನನ್ನ ತಕರಾರು ಬೇರೆ. ಜಾಮ್‌ನಲ್ಲಿ ಯಾರೂ ಸಾಯುವುದಿಲ್ಲ, ಬೈದುಕೊಂಡು ತಡವಾಗಿ ಮನೆ ಸೇರುತ್ತಾರೆ. ಸಾಯುವುದು ದೂರದ ಊರಿಗೆ ಹೊರಟ ಲಾರಿಯೂ ಪಕ್ಕದ ಓಣಿಗೆ ಹೊರಟ ಸ್ಕೂಟರೂ ಒಂದೇ ಪಥ ಹಂಚಿಕೊಳ್ಳುವ ಜಾಗದಲ್ಲಿ. ಸೇತುವೆಗೆ ಕೊಟ್ಟ ದುಡ್ಡು, ಗಮನ, ಹೆಲಿಕಾಪ್ಟರ್ ಸಮೀಕ್ಷೆಗಳ ಒಂದು ಪಾಲನ್ನಾದರೂ ಸರ್ವೀಸ್ ರಸ್ತೆಯ ಕಡಿದ ಕೊಂಡಿಗಳಿಗೆ ಕೊಟ್ಟಿದ್ದರೆ ನವಲೆ ಪೂಲಿನ ಕಥೆ ಬೇರೆಯಾಗುತ್ತಿತ್ತು.

ನಾವೇನೂ ಪುಣೆಗೆ ಪಾಠ ಹೇಳುವ ಸ್ಥಿತಿಯಲ್ಲಿಲ್ಲ. ಇದೇ ಹೆದ್ದಾರಿಯ ಹುಬ್ಬಳ್ಳಿ-ಧಾರವಾಡ ಬೈಪಾಸ್ ಸುಮಾರು 30 ಕಿ.ಮೀ. ಉದ್ದಕ್ಕೆ ವರ್ಷಗಟ್ಟಲೆ ಎರಡೇ ಪಥದಲ್ಲಿ ಉಳಿಯಿತು. ಹಿಂದೆಯೂ ಮುಂದೆಯೂ ನಾಲ್ಕು ಪಥ, ನಡುವೆ ಎರಡು, ಅದಕ್ಕೂ ಟೋಲ್. 2021ರ ಜನವರಿ 15ರಂದು ಇಟಿಗಟ್ಟಿ ಬಳಿ, ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರ ಮಿನಿ ಬಸ್ಸಿಗೆ ಟಿಪ್ಪರ್ ಗುದ್ದಿ ಹನ್ನೊಂದು ಜನ ಸತ್ತರು. ಮನೆಯವರು ರಸ್ತೆಗಿಳಿದು ಪ್ರತಿಭಟಿಸಿದರು. ಆರು ಪಥದ ಕೆಲಸಕ್ಕೆ ಗಡ್ಕರಿಯವರೇ ಬಂದು ಅಡಿಗಲ್ಲು ಹಾಕಿದ್ದು 2022ರ ಫೆಬ್ರುವರಿಯಲ್ಲಿ. ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆಯಂತೂ ಇನ್ನೂ ವಿಚಿತ್ರ: ಸುಮಾರು 73 ಕಿ.ಮೀ.ಗೆ 2005ರಲ್ಲೇ ಅಧಿಸೂಚನೆ ಹೊರಟಿತು, ರೈತರ ಜಮೀನು ಅಂದಿನಿಂದ ಮಾರುವಂತಿಲ್ಲ, ಕಟ್ಟುವಂತಿಲ್ಲ, ಪರಿಹಾರವೂ ಇಲ್ಲ. ರಸ್ತೆಯ ಹೆಸರು ಬದಲಾಯಿತು, ರಸ್ತೆ ಬರಲಿಲ್ಲ. ಬೆಳಗಾವಿಯ ಹಲಗಾ-ಮಚ್ಛೆ ಬೈಪಾಸಿನ ಫಲವತ್ತಾದ ಗದ್ದೆಗಳಿಗಾಗಿ ರೈತರು ಕೋರ್ಟು ಹತ್ತಿದ್ದನ್ನು ಓದುಗರು ಬಲ್ಲರು.

ಪುಣೆಗೂ ಹಳೆಯ ನಕ್ಷೆಗಳ ಕಾಟ ಇದೆ. ಒಳ ಉಪನಗರಗಳನ್ನು ಸುತ್ತುವ ಸುಮಾರು 36 ಕಿ.ಮೀ. ಎತ್ತರಿಸಿದ ವರ್ತುಲ ಮಾರ್ಗ 1987ರ ಅಭಿವೃದ್ಧಿ ಯೋಜನೆಯಲ್ಲಿತ್ತು. ಮೂರು ದಶಕ ದಾಟಿ ಟೆಂಡರ್‌ವರೆಗೆ ಬಂದು ನಿಂತಿತು. ಬೈಪಾಸಿನ ಮೇಲೆಯೇ, ರಾವೇತ್‌ನಿಂದ ನರ್ಹೆವರೆಗೆ, ಕಂಬದ ಮೇಲಿನ ಇನ್ನೊಂದು ರಸ್ತೆಯ ಪ್ರಸ್ತಾವ ಹೆದ್ದಾರಿ ಪ್ರಾಧಿಕಾರದ ಮೇಜಿನ ಮೇಲಿದೆ. ಹಾದುಹೋಗುವವರು ಮೇಲೆ, ಊರವರು ಕೆಳಗೆ. ಕೇಳಲು ಚೆನ್ನಾಗಿದೆ. ಆದರೆ ಸುರಂಗದಿಂದ ಇಳಿದುಬಂದ ಲಾರಿ ಆ ರಸ್ತೆಯನ್ನು ಹತ್ತುವುದು ನರ್ಹೆಯಲ್ಲಾದರೆ ಇಳಿಜಾರಿನ ತಳ ಇದ್ದಲ್ಲೇ ಇರುತ್ತದೆ. ಹಾಗಿರುವಾಗ ನನಗೆ ಹೆಚ್ಚು ಭರವಸೆ ಹುಟ್ಟಿಸಿದ ಸುದ್ದಿ ರಸ್ತೆಯದಲ್ಲ, ರೈಲಿನದು. ವನಾಜ್‌ನಲ್ಲಿ ನಿಂತಿದ್ದ ಮೆಟ್ರೊವನ್ನು ಚಾಂದನಿ ಚೌಕದವರೆಗೆ ಒಯ್ಯಲು 2025ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದೆ. ಹಿಂಜವಡಿಯಿಂದ ಶಿವಾಜಿನಗರಕ್ಕೆ 23 ಕಿ.ಮೀ.ಗಳ ಇನ್ನೊಂದು ಮಾರ್ಗದ ಕೆಲಸವೂ ನಡೆದಿದೆ.

ಎಲ್ಲಕ್ಕಿಂತ ದೊಡ್ಡದು ರಿಂಗ್ ರೋಡ್. ರಾಜ್ಯ ರಸ್ತೆ ಅಭಿವೃದ್ಧಿ ನಿಗಮದ್ದು. ಸುಮಾರು 170 ಕಿ.ಮೀ. ಉದ್ದ, 110 ಮೀಟರ್ ಅಗಲ. ಎಕ್ಸ್‌ಪ್ರೆಸ್‌ವೇಯ ಉರ್ಸೆಯಿಂದ ಹೊರಟು ಒಂದು ತೋಳು ಮುಳಶಿಯ ಗುಡ್ಡಗಳನ್ನು ಬಳಸಿ, ಇನ್ನೊಂದು ಪೂರ್ವಕ್ಕೆ ಸುತ್ತಿ, ಎರಡೂ ಸಾತಾರಾ ರಸ್ತೆಗೆ ಕೂಡುತ್ತವೆ. ಬೆಂಗಳೂರು-ಮುಂಬೈ ಲಾರಿ ಇನ್ನು ಪುಣೆಯ ಮುಖ ನೋಡಬೇಕಾಗಿಲ್ಲ. ಬೈಪಾಸ್ ಎಳೆದಾಗ ಹೇಳಿದ್ದೂ ಇದನ್ನೇ. ಆಗಿನಂತೆ ಈಗಲೂ ಅದು ಹಾದುಹೋಗುವುದು ಹೊಲ, ಗದ್ದೆ, ಗುಡ್ಡಗಳಲ್ಲಿ. ಈ ಸಲ ರಸ್ತೆಗೆ ಬೇಲಿ ಇರುತ್ತದೆ, ಗೊತ್ತಾದ ಕೂಡುರಸ್ತೆಗಳಲ್ಲಿ ಬಿಟ್ಟು ಬೇರೆಲ್ಲೂ ಹತ್ತುವಂತಿಲ್ಲ, ಇಳಿಯುವಂತಿಲ್ಲ ಎಂದು ನಕ್ಷೆ ಹೇಳುತ್ತದೆ.

ಮುಳಶಿಯ ಕಡೆ ಹೋದರೆ ಪ್ಲಾಟು ಮಾರುವವರು ಬೇರೆ ಹೇಳುತ್ತಾರೆ. ‘ರಿಂಗ್ ರೋಡ್ ಟಚ್’ ಎಂಬುದು ಅವರ ಮಂತ್ರ. ರಸ್ತೆಗೆ ತಾಗಿಕೊಂಡ ನಿವೇಶನ, ಗುಂಠೆಗೆ ಇಷ್ಟು, ಕಂತಿನ ಸೌಲಭ್ಯವಿದೆ. ಬೇಲಿ ಇರುವ ರಸ್ತೆಗೆ ತಾಗಿಕೊಂಡರೆ ಪ್ಲಾಟಿಗೆ ಬರುವ ಲಾಭವೇನು? ಸದ್ದು, ಧೂಳು, ಹಿತ್ತಲಿನಲ್ಲಿ ಹಾದುಹೋಗುವ ಟ್ರೇಲರು. ಆದರೂ ‘ಟಚ್’ ಎಂದರೆ ದರ ಏರುತ್ತದೆ, ಏಕೆಂದರೆ ಕೊಳ್ಳುವವನೂ ಮಾರುವವನೂ ಇಬ್ಬರೂ ಬಾಣೇರನ್ನು ನೋಡಿದವರು, ಬೇಲಿ ಎಷ್ಟು ದಿನ ಇರುತ್ತದೆ ಎಂಬುದನ್ನು ತಮ್ಮ ಪಾಡಿಗೆ ಲೆಕ್ಕ ಹಾಕಿಟ್ಟವರು.